ಸೇನಾಮಹಿಳೆಯ ಗುರುತುಬಿಲ್ಲೆ

ನಾಣ್ಯ, ಪದಕ, ಅಂಚೆಚೀಟಿಗಳಂತೆ ಮಹಾಯುದ್ಧಕಾಲದ ಗುರುತುಬಿಲ್ಲೆಗಳನ್ನೂ ಸಂಗ್ರಹಿಸುವವರುಂಟು. ಸ್ತ್ರೀಯೊಬ್ಬಳು ಧರಿಸಿದ್ದ ಬಿಲ್ಲೆ ವಿರಳವಾದುದರಿಂದ ಅದಕ್ಕೆ ಮನ್ನಣೆ ಹೆಚ್ಚು. ಆದರೆ ಅದನ್ನು ಓದುವ ಬಗೆಯನ್ನರಿಯದೆ ಕೊಂಡವನಿಗೆ ದೊರೆಯುವುದು ಬರಿಯ ತುಂಡು.

ನಮ್ಮ ದೇಶದಲ್ಲಿ ೧೯೪೨ರಲ್ಲಿ ಮಹಿಳಾ ಸಹಾಯಕ ದಳವು ಸ್ಥಾಪಿತವಾಯಿತು. ಐರೋಪ್ಯ, ಆಂಗ್ಲೋ-ಇಂಡಿಯನ್ ಹಾಗೂ ಭಾರತೀಯ ಸ್ತ್ರೀಯರು, ೧೦,೦೦೦ಕ್ಕೂ ಮಿಕ್ಕಿ, ಅದನ್ನು ಸೇರಿ ಕಚೇರಿ, ದೂರವಾಣಿ, ಸಂಕೇತಲಿಪಿ ಮೊದಲಾದ ಕಾರ್ಯಗಳನ್ನು ನಿರ್ವಹಿಸಿದರು. ೧೯೪೭ರಲ್ಲಿ ದಳವು ವಿಸರ್ಜಿತವಾಯಿತು.

ಬ್ರಿಟಿಷ್ ಸೇನಾಪದ್ಧತಿಯಲ್ಲಿ ೧೯೧೬ರಿಂದ ಒಬ್ಬರಿಗೆ ಎರಡು ಬಿಲ್ಲೆಗಳು: ಎಂಟು ಮೂಲೆಯ ಹಸಿರು, ದುಂಡನೆಯ ಕೆಂಪು. ಇವು ಲೋಹದವಲ್ಲ, ಒತ್ತಿ ಗಟ್ಟಿಮಾಡಿದ ನಾರಿನವು. ಹೆಸರು, ಸೇವಾಸಂಖ್ಯೆ, ಮತದ ಸಂಕ್ಷೇಪಾಕ್ಷರ ಇವನ್ನು ಅವುಗಳ ಮೇಲೆ ಕುಟ್ಟಿ ಮೂಡಿಸುತ್ತಿದ್ದರು. ಧರಿಸಿದವರು ಮಡಿದರೆ ಕೆಂಪನ್ನು ದಾಖಲೆಗಾಗಿ ತೆಗೆದು, ಹಸಿರನ್ನು ದೇಹದೊಡನೆ ಬಿಡುವುದು ನಿಯಮ. ಆದುದರಿಂದ ಒಂದೇ ದಾರದಲ್ಲಿ ಎರಡೂ ಉಳಿದಿದ್ದರೆ, ಧರಿಸಿದವರು ಜೀವಸಹಿತ ಮರಳಿದರೆಂದು ಸಾಮಾನ್ಯವಾಗಿ ಊಹಿಸಬಹುದು.

ಇಲ್ಲಿ ಒಂದು ತೊಡಕುಂಟು. ಬಿಲ್ಲೆಯ ಮೇಲೆ ಹೆಸರಿನ ಮೊದಲಕ್ಷರವೂ ಕುಲನಾಮವೂ ಮಾತ್ರ ಇದ್ದರೆ, ಧರಿಸಿದವರು ಸ್ತ್ರೀಯೋ ಪುರುಷನೋ ಎಂಬುದು ಅದರಿಂದಲೇ ತಿಳಿಯದು. ಕುಲನಾಮವೂ ಮದುವೆಯಿಂದ ಬದಲಾಗುವುದುಂಟು. ಹೀಗಾಗಿ ಸಂಖ್ಯೆಯೇ ಮುಖ್ಯಾಧಾರ. ಅದನ್ನು ಸೇವಾಪುಸ್ತಕ, ಬಿಡುಗಡೆಪತ್ರ, ಭಾವಚಿತ್ರಗಳೊಡನೆ ತಾಳೆನೋಡಬೇಕು. ಬರಿಯ ಬಿಲ್ಲೆಯ ಮೇಲೆ ಹೊಸದಾಗಿ ಅಕ್ಷರ ಕುಟ್ಟುವುದು ಕಷ್ಟವಲ್ಲ. ಚೆಕ್ಕಿಗೆ ಹಣ ಕೊಡುವ ಮುನ್ನ ಬ್ಯಾಂಕು ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿ ನೋಡುವುದುಂಟು. ಸಂಗ್ರಾಹಕನಿಗೂ ಅದೇ ನ್ಯಾಯ.

ನಮ್ಮ ಚೆನ್ನೈಯ ನಂದಂಬಾಕ್ಕಂನಲ್ಲಿ ೧೯೫೨ರಲ್ಲಿ ಏರ್ಪಟ್ಟ ಯುದ್ಧಸ್ಮಶಾನದಲ್ಲಿ ಎರಡನೆಯ ಮಹಾಯುದ್ಧದ ೮೫೦ಕ್ಕೂ ಹೆಚ್ಚು ಸಮಾಧಿಗಳಿವೆ. ಅಲ್ಲಿಯ ಶಿಲೆಗಳ ಮೇಲೂ ಬಹುಮಟ್ಟಿಗೆ ಬಿಲ್ಲೆಯ ವಿವರಗಳೇ: ಹೆಸರು, ಸಂಖ್ಯೆ, ಮತಚಿಹ್ನೆ. ಮಡಿದವರ ಹೆಸರನ್ನು ಕಲ್ಲು ಕಾಯುತ್ತಿದೆ. ಮರಳಿದವಳ ಸೇವೆಗೆ ಅಂತಹ ಶಿಲೆಯಿಲ್ಲ. ಅದೇ ನಗರಭಾಗದ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ೧೯೯೨ರಿಂದ ಸ್ತ್ರೀಯರು ಸೇನಾಧಿಕಾರಿಗಳಾಗಿ ತರಬೇತಿ ಹೊಂದುತ್ತ ಬಂದಿದ್ದಾರೆ. ಅವರಿಗಿಂತ ಅರ್ಧ ಶತಮಾನ ಮೊದಲೇ ಸಮವಸ್ತ್ರ ತೊಟ್ಟವರ ಕುರುಹು ಮನೆಯ ಪೆಟ್ಟಿಗೆಯೊಂದರ ತಳದಲ್ಲಿರಬಹುದು.

ಅಂತಹ ಬಿಲ್ಲೆ ಯಾರಿಗಾದರೂ ದೊರೆತರೆ ಅದನ್ನು ಉಜ್ಜಿ ತೊಳೆಯಬಾರದು, ದಾರ ಬಿಚ್ಚಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಜೊತೆಯ ಕಾಗದಗಳಿಂದ ಅಗಲಿಸಬಾರದು. ಬಿಲ್ಲೆಯೊಂದೇ ಮಾರಾಟವಾದ ದಿನ ವಸ್ತು ಉಳಿಯುತ್ತದೆ, ವ್ಯಕ್ತಿ ಅಳಿಯುತ್ತಾಳೆ.