ನಿಮಗಿದು ಗೊತ್ತೆ? ಸಾವನದುರ್ಗಕ್ಕೂ ತಟ್ಟಿದ ರಷ್ಯಾದ ಯುದ್ಧ

ಬ್ರಿಟಿಷರ ವಿರುದ್ಧ ನೆರವು ಕೋರಿ ಟಿಪ್ಪು ಸುಲ್ತಾನ್ 1786ರಲ್ಲಿ ತುರ್ಕಿಗೆ ರಾಯಭಾರಿಗಳನ್ನು ಕಳಿಸಿದ್ದ. ಮರುವರ್ಷ ಅವರು ಇಸ್ತಾಂಬುಲ್ ಮುಟ್ಟುವ ಹೊತ್ತಿಗೆ ಅಲ್ಲಿನ ಸುಲ್ತಾನ ರಷ್ಯಾದ ಸಾಮ್ರಾಜ್ಞಿ ಎರಡನೇ ಕ್ಯಾಥರೀನಳ ಮೇಲೆ ಯುದ್ಧಕ್ಕಿಳಿದಾಗಿತ್ತು. ಕ್ರೈಮಿಯಾವನ್ನು ಆಕೆ 1783ರಲ್ಲೇ ನುಂಗಿದ್ದಳಲ್ಲ! ಇಂಥ ಇಕ್ಕಟ್ಟಿನಲ್ಲಿ ಬ್ರಿಟಿಷರನ್ನೂ ಎದುರು ಹಾಕಿಕೊಳ್ಳುವುದು ತುರ್ಕಿಯ ಸುಲ್ತಾನನಿಗೆ ಬೇಡವಾಗಿತ್ತು. ರಾಯಭಾರಿಗಳಿಗೆ ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ.

ಮುಂದೆ ಟಿಪ್ಪು ಒಂಟಿಯಾಗಿಯೇ ಕಾದಬೇಕಾಯಿತು. ಬಿದಿರುಮೆಳೆಗಳ ನಡುವಿನ ಮಾಗಡಿ ಸೀಮೆಯ ಸಾವನದುರ್ಗ ಯಾರ ಕೈಗೂ ಸಿಗದ ಕೋಟೆಯೆಂದು ಹೆಸರಾಗಿತ್ತು. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಪಡೆ 1791ರ ಡಿಸೆಂಬರ್ 21ರಂದು ಬ್ಯಾಂಡ್ ಬಾರಿಸುತ್ತಲೇ ಬಂಡೆಯೇರಿ ಅದನ್ನು ಗೆದ್ದಿತು. ರಾಮಗಿರಿ ಕೋಟೆಯೂ ಆಗಲೇ ಟಿಪ್ಪುವಿನ ಕೈತಪ್ಪಿತು. ಕ್ಯಾಥರೀನ್ ತುರ್ಕಿಯೊಂದಿಗೆ ಸಂಧಿ ಮಾಡಿಕೊಂಡಿದ್ದು 1792ರ ಜನವರಿ 9ರಂದು, ಸಾವನದುರ್ಗ ಬಿದ್ದ ಮೂರು ವಾರದೊಳಗೆ.