ಬೀದಿಗೆ ಕಳೆ, ಸಂತೆಗೆ ಜೀವ
ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ಸಮುದಾಯ ಉತ್ಸವಗಳ ಪಾತ್ರ

ನಗರಗಳ ಬೆಳವಣಿಗೆಯನ್ನು ಕಟ್ಟಡಗಳ ಎತ್ತರದಿಂದಲೂ ರಸ್ತೆಗಳ ಅಗಲದಿಂದಲೂ ಅಳೆಯುವುದು ರೂಢಿಯಾಗಿದೆ. ಆದರೆ ಊರಿನ ಜನರು ಪರಸ್ಪರ ಸಂಧಿಸಲು ಎಷ್ಟು ಸ್ಥಳಗಳಿವೆ, ಅಲ್ಲಿ ಅವರು ಎಷ್ಟು ಹೊತ್ತು ನಿರಾತಂಕವಾಗಿ ನಿಲ್ಲಬಲ್ಲರು ಎಂಬುದೂ ನಗರಜೀವನದ ಮುಖ್ಯ ಅಳತೆಗೋಲಾಗಿದೆ. ಮಾರುಕಟ್ಟೆಯ ಬೀದಿ, ಕೆರೆಯ ದಂಡೆ, ದೇವಾಲಯದ ಮುಂದಿನ ಅಂಗಳ, ರೈಲು ನಿಲ್ದಾಣದ ಹೊರಗಿನ ಬಯಲು ಇವೆಲ್ಲ ಇಂತಹ ಸ್ಥಳಗಳು. ಇವು ಯಾರೊಬ್ಬರ ಸ್ವತ್ತೂ ಅಲ್ಲ; ಆದುದರಿಂದಲೇ ಅನೇಕ ವೇಳೆ ಯಾರ ಕಾಳಜಿಗೂ ಒಳಗಾಗದೆ ಉಳಿಯುತ್ತವೆ.

ಹಬ್ಬ, ಜಾತ್ರೆ, ಸಂತೆ, ಮೆರವಣಿಗೆಗಳ ಮೂಲಕ ಇಂತಹ ಸ್ಥಳಗಳಿಗೆ ಮತ್ತೆ ಜೀವಕಳೆಯನ್ನು ತರಲು ಸಾಧ್ಯವಿದೆ. ಆದರೆ ಒಂದು ದಿನದ ಜನಸಂದಣಿಯಿಂದಷ್ಟೇ ಈ ಕಾರ್ಯ ನೆರವೇರುವುದಿಲ್ಲ. ಆ ಬೀದಿಯನ್ನೇ ನಂಬಿ ಬದುಕುವ ವ್ಯಾಪಾರಿಗಳೂ ಅಲ್ಲಿಯೇ ವಾಸಿಸುವ ಕುಟುಂಬಗಳೂ ಉತ್ಸವದಲ್ಲಿ ಪಾಲುದಾರರಾದಾಗ ಮಾತ್ರ ಅದರ ಫಲ ಉಳಿದ ದಿನಗಳಿಗೂ ದೊರೆಯುತ್ತದೆ. ಮುಂಬಯಿಯ ನೆರೆಯ ನಾಲ್ಕು ಊರುಗಳ ಅನುಭವದ ಹಿನ್ನೆಲೆಯಲ್ಲಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ರೈಲು ಮಾರ್ಗದ ಊರುಗಳು

1853ರ ಏಪ್ರಿಲ್ 16ರಂದು ಭಾರತದ ಪ್ರಥಮ ಪ್ರಯಾಣಿಕ ರೈಲು ಮುಂಬಯಿಯ ಬೋರಿ ಬಂದರಿನಿಂದ ಥಾಣೆಯವರೆಗೆ 34 ಕಿಲೋಮೀಟರ್ ದೂರ ಸಂಚರಿಸಿತು. ಮರುವರ್ಷ, ಅಂದರೆ 1854ರಲ್ಲಿ, ಮಾರ್ಗವು ಕಲ್ಯಾಣವನ್ನು ತಲುಪಿತು. ಅಂದಿನಿಂದ ಈ ಭಾಗದ ಊರುಗಳ ಜೀವನವು ರೈಲು ನಿಲ್ದಾಣವನ್ನು ಕೇಂದ್ರವಾಗಿಟ್ಟುಕೊಂಡೇ ಬೆಳೆಯಿತು. ಥಾಣೆಗೆ 1982ರಲ್ಲಿಯೂ ಕಲ್ಯಾಣ–ಡೊಂಬಿವಲಿಗೆ 1983ರಲ್ಲಿಯೂ ಮಹಾನಗರ ಪಾಲಿಕೆಗಳು ರಚನೆಯಾದವು. ಯೋಜಿತ ನಗರವಾದ ನವಿ ಮುಂಬಯಿಯ ಚರಿತ್ರೆ ಬೇರೆ ಬಗೆಯದು. ಅದರ ನಿರ್ಮಾಣಕ್ಕಾಗಿ 1970ರ ಮಾರ್ಚ್ 17ರಂದು ಸಿಡ್ಕೋ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಪಾಲಿಕೆ ಅಸ್ತಿತ್ವಕ್ಕೆ ಬಂದದ್ದು 1992ರ ಜನವರಿ 1ರಂದು.

ಈ ಊರುಗಳ ದುಡಿಯುವ ಜನರಲ್ಲಿ ಬಹುಮಂದಿ ಬೆಳಿಗ್ಗೆ ರೈಲು ಹತ್ತಿ ಹೊರಟರೆ ಮನೆ ಸೇರುವುದು ರಾತ್ರಿಗೆ. ಅವರ ಪಾಲಿಗೆ ನಿಲ್ದಾಣದಿಂದ ಮನೆಗೆ ಹೋಗುವ ಹಾದಿಯೇ ಮಾರುಕಟ್ಟೆ. ಸೊಪ್ಪು ತರಕಾರಿ, ಹೂವು, ಹಣ್ಣುಗಳನ್ನು ಕೊಳ್ಳುವುದು ಅಲ್ಲಿಯೇ. ನೆರೆಯವರು ಎದುರಾಗಿ ನಾಲ್ಕು ಮಾತನಾಡುವ ಅವಕಾಶ ಒದಗುವುದೂ ಅಲ್ಲಿಯೇ. ಉದ್ಯೋಗವನ್ನರಸಿ ಬಂದು ನೆಲೆಸಿದ ಕನ್ನಡಿಗರಿಗೂ ಈ ಬೀದಿಗಳು ಪರಿಚಿತವಾದವು. ಉಡುಪಿ ಹೋಟೆಲುಗಳು ಇಲ್ಲಿನ ಮಾರುಕಟ್ಟೆಗಳ ಒಂದು ಅಂಗವೇ ಆಗಿವೆ. ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ಕನ್ನಡ ಸಂಘ ಮೊದಲಾದ ಸಂಸ್ಥೆಗಳು ಊರಿನ ಸಾಂಸ್ಕೃತಿಕ ಜೀವನದಲ್ಲಿ ಕನ್ನಡದ ದನಿಯನ್ನು ಉಳಿಸಿಕೊಂಡು ಬಂದಿವೆ.

ಫಡಕೆ ರಸ್ತೆಯ ನಿದರ್ಶನ

ಡೊಂಬಿವಲಿ ಪೂರ್ವದ ಫಡಕೆ ರಸ್ತೆಯು ನಿಲ್ದಾಣದ ಸಮೀಪದ ಸಾಧಾರಣ ವ್ಯಾಪಾರಿ ಬೀದಿ. ನರಕ ಚತುರ್ದಶಿಯ ಮುಂಜಾನೆ ಮಾತ್ರ ಅದರ ಸ್ವರೂಪವೇ ಬದಲಾಗುತ್ತದೆ. ಅಭ್ಯಂಜನ ಮುಗಿಸಿ, ಸಾಂಪ್ರದಾಯಿಕ ಉಡುಪು ತೊಟ್ಟ ಯುವಕ ಯುವತಿಯರು ಗಣೇಶ ಮಂದಿರದ ದರ್ಶನಕ್ಕೆಂದು ಬಂದು, ಬೀದಿಯುದ್ದಕ್ಕೂ ಗೆಳೆಯರನ್ನು ಕಾಣುತ್ತ, ಶುಭಾಶಯ ಹೇಳುತ್ತ ನಿಲ್ಲುತ್ತಾರೆ. ಉದ್ಯೋಗ ನಿಮಿತ್ತ ಬೇರೆ ಊರು ಸೇರಿದವರೂ ಹಳೆಯ ಸಹಪಾಠಿಗಳನ್ನು ಕಾಣಲು ಅಂದು ಇಲ್ಲಿಗೆ ಬರುವುದುಂಟು. ಇದಕ್ಕೆ ಟಿಕೇಟು ಇಲ್ಲ, ಆಮಂತ್ರಣವೂ ಬೇಕಿಲ್ಲ.

ಇದೇ ಊರಿನಲ್ಲಿ 1990ರ ದಶಕದ ಕೊನೆಯಲ್ಲಿ ಗಣೇಶ ಮಂದಿರ ಸಂಸ್ಥಾನದ ಆಶ್ರಯದಲ್ಲಿ ಗುಡಿ ಪಾಡ್ವದ ಹೊಸವರ್ಷ ಸ್ವಾಗತ ಯಾತ್ರೆ ಆರಂಭವಾಯಿತು. ಮಹಾರಾಷ್ಟ್ರದ ಗುಡಿ ಪಾಡ್ವವೂ ಕನ್ನಡಿಗರ ಯುಗಾದಿಯೂ ಒಂದೇ ದಿನ, ಚೈತ್ರ ಶುದ್ಧ ಪಾಡ್ಯದಂದು ಬರುತ್ತವೆ. ಶಾಲೆಗಳು, ಮಹಿಳಾ ಮಂಡಳಿಗಳು, ವ್ಯಾಯಾಮಶಾಲೆಗಳು ಮತ್ತು ವಿವಿಧ ಸಂಘಗಳು ತಮ್ಮ ತಮ್ಮ ತಂಡಗಳೊಡನೆ ಯಾತ್ರೆಯಲ್ಲಿ ಸೇರುತ್ತವೆ. ಲೇಜಿಮ್, ಢೋಲು ತಾಶೆ, ಸ್ತಬ್ಧಚಿತ್ರಗಳು, ರಸ್ತೆ ತುಂಬ ಬಿಡಿಸಿದ ರಂಗೋಲಿ ಇವು ಅದರ ಲಕ್ಷಣಗಳು. ಅನಂತರದ ವರ್ಷಗಳಲ್ಲಿ ಥಾಣೆ, ಗಿರಗಾಂವ್ ಮೊದಲಾದೆಡೆಗಳಲ್ಲಿಯೂ ಇಂತಹ ಯಾತ್ರೆಗಳು ನಡೆಯತೊಡಗಿದವು.

ನೆರೆಯ ಊರುಗಳಿಗೂ ತಮ್ಮದೇ ಆದ ಕೂಡುತಾಣಗಳಿವೆ. ಥಾಣೆಯ ಮಾಸುಂದಾ ಕೆರೆಯ ದಂಡೆಗೆ ಜನರು ‘ತಲಾವ್ ಪಾಳಿ’ ಎನ್ನುತ್ತಾರೆ. ಕೌಪೀನೇಶ್ವರ ದೇವಾಲಯ, ಜಾಂಭಳಿ ನಾಕಾದ ಹಳೆಯ ಮಾರುಕಟ್ಟೆ ಮತ್ತು ಗಡ್ಕರಿ ರಂಗಾಯತನ ನಾಟ್ಯಮಂದಿರ ಇವೆಲ್ಲ ಅದರ ಆಸುಪಾಸಿನಲ್ಲಿಯೇ ಇವೆ. ಪೂಜೆ, ಸಂತೆ, ನಾಟಕ ಮತ್ತು ವಿಹಾರ ಇವು ಕೆಲವೇ ಹೆಜ್ಜೆಗಳ ಅಂತರದಲ್ಲಿರುವುದರಿಂದ ದೀಪಾವಳಿಯ ಬೆಳಗಿನಲ್ಲಿ ಇಲ್ಲಿ ಜನ ಸೇರಲು ವಿಶೇಷ ಪ್ರಚಾರವೇನೂ ಬೇಕಾಗುವುದಿಲ್ಲ. ಕಲ್ಯಾಣದಲ್ಲಿ ಸುಭೇದಾರ ವಾಡೆಯ ಗಣೇಶೋತ್ಸವವು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ, ಲೋಕಮಾನ್ಯ ತಿಲಕರ ಕಾಲದಿಂದ, ನಡೆದು ಬಂದಿದೆ. ನವರಾತ್ರಿಯಲ್ಲಿ ದುರ್ಗಾಡಿ ಕೋಟೆಯ ಬಳಿ ಜಾತ್ರೆ ಕೂಡುತ್ತದೆ.

ನವಿ ಮುಂಬಯಿಯಲ್ಲಿ ಪರಿಸ್ಥಿತಿ ಭಿನ್ನ. ಇಲ್ಲಿ ಸೆಕ್ಟರುಗಳು, ಅಂಗಡಿ ಸಾಲುಗಳು, ಉದ್ಯಾನಗಳು ನಕ್ಷೆಯ ಪ್ರಕಾರ ಮೊದಲು ನಿರ್ಮಾಣಗೊಂಡವು. ಜನರ ರೂಢಿಗಳು ಅನಂತರ ಬೆಳೆಯಬೇಕಾಯಿತು. ಬೇಲಾಪುರದಲ್ಲಿ ಸಿಡ್ಕೋ ನಿರ್ಮಿಸಿರುವ ಅರ್ಬನ್ ಹಾಟ್‌ನಲ್ಲಿ ಕುಶಲಕರ್ಮಿಗಳ ಮೇಳಗಳು ನಡೆಯುತ್ತವೆ. ದೂರದ ಊರುಗಳ ನೇಕಾರರೂ ಕುಂಬಾರರೂ ಮಧ್ಯವರ್ತಿಗಳಿಲ್ಲದೆ ಗ್ರಾಹಕರನ್ನು ಕಾಣಲು ಇದರಿಂದ ಸಾಧ್ಯವಾಗಿದೆ. ಹಳೆಯ ಊರಿನಲ್ಲಿ ರೂಢಿಯಿದ್ದು ಸ್ಥಳದ ಅಭಾವವಿದ್ದರೆ, ಹೊಸ ಊರಿನಲ್ಲಿ ಸ್ಥಳವಿದ್ದು ರೂಢಿಯನ್ನು ಬೆಳೆಸಬೇಕಾಗಿದೆ.

ಉತ್ಸವದ ಲಾಭ ಯಾರಿಗೆ?

ಗುಡಿ ಪಾಡ್ವದ ಹಿಂದಿನ ಎರಡು ಮೂರು ದಿನಗಳಲ್ಲಿ ಈ ಬೀದಿಗಳ ವ್ಯಾಪಾರವನ್ನು ಗಮನಿಸಿದರೆ, ಬಿದಿರಿನ ಕೋಲು, ಬೇವಿನ ಸೊಪ್ಪು, ಮಾವಿನ ತೋರಣ, ಚೆಂಡು ಹೂವು, ಸಕ್ಕರೆಯ ಸರ, ರಂಗೋಲಿ ಪುಡಿ ಇವುಗಳನ್ನು ಮಾರುವವರಲ್ಲಿ ಬಹಳಷ್ಟು ಜನ ಬೀದಿ ಬದಿಯ ವ್ಯಾಪಾರಿಗಳೇ ಎಂಬುದು ತಿಳಿಯುತ್ತದೆ. ವರ್ಷದ ಸಾಧಾರಣ ದಿನಗಳ ಅಲ್ಪ ಆದಾಯವನ್ನು ಅವರು ಸರಿದೂಗಿಸಿಕೊಳ್ಳುವುದು ಹಬ್ಬದ ಈ ಕೆಲವು ದಿನಗಳಲ್ಲಿ. ಬಿಡಿಹೂವಿನಂತಹ ಸರಕು ಮರುದಿನಕ್ಕೆ ಉಳಿಯುವುದೂ ಇಲ್ಲ.

ಮೆರವಣಿಗೆಗೆ ದಾರಿ ಬೇಕೆಂದು ಅಥವಾ ಬೀದಿ ಅಚ್ಚುಕಟ್ಟಾಗಿ ಕಾಣಬೇಕೆಂದು ಇವರನ್ನೇ ಆ ದಿನ ತೆರವುಗೊಳಿಸಿದರೆ, ಸಾವಿರಾರು ಜನ ಸೇರಿಯೂ ಮಾರುಕಟ್ಟೆಗೆ ಬಂದ ಲಾಭ ಅತ್ಯಲ್ಪ. ಹೊರಗಿನ ಗುತ್ತಿಗೆದಾರರ ಮಳಿಗೆಗಳು ಒಂದು ದಿನ ತಲೆಯೆತ್ತಿ ಮಾಯವಾಗುತ್ತವೆ. ವರ್ಷವಿಡೀ ಅಲ್ಲಿ ಕುಳಿತು ಊರಿಗೆ ತರಕಾರಿ ಒದಗಿಸಿದವರು ಅಂದು ಬರಿಗೈಯಲ್ಲಿ ಉಳಿಯುತ್ತಾರೆ. ಬೀದಿಗೆ ಪ್ರತಿನಿತ್ಯ ಕಣ್ಣಾಗಿ, ದೀಪವಾಗಿ ಇರುವವರು ಇವರೇ. ತಡರಾತ್ರಿ ರೈಲಿನಿಂದಿಳಿದು ಒಬ್ಬಂಟಿಯಾಗಿ ನಡೆದುಹೋಗುವ ಹೆಣ್ಣುಮಗಳಿಗೆ, ಇನ್ನೂ ಎತ್ತದಿರುವ ಒಂದು ಹಣ್ಣಿನ ಗಾಡಿ ನೀಡುವ ಧೈರ್ಯವನ್ನು ಯಾವ ಅಲಂಕಾರವೂ ನೀಡಲಾರದು.

ಹಾಗೆಂದು ಪಾದಚಾರಿಗಳ ಕಷ್ಟವನ್ನು ಅಲ್ಲಗಳೆಯುವಂತಿಲ್ಲ. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ ನೂಕುನುಗ್ಗಲು ಉಂಟಾಗಿ 23 ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷದ ನವೆಂಬರ್ 1ರಂದು ಮುಂಬಯಿ ಉಚ್ಚ ನ್ಯಾಯಾಲಯವು ಬೀದಿ ವ್ಯಾಪಾರಿಗಳ ಪ್ರಕರಣದಲ್ಲಿ ನೀಡಿದ ತೀರ್ಪು ರೈಲು ನಿಲ್ದಾಣಗಳಿಂದ 150 ಮೀಟರ್ ಒಳಗೆ ವ್ಯಾಪಾರ ಸಲ್ಲದೆಂದು ತಿಳಿಸಿತು. ನಡೆಯುವವರ ಸುರಕ್ಷತೆಯೂ ವ್ಯಾಪಾರಿಯ ಜೀವನೋಪಾಯವೂ ಸಮಾನ ಮಹತ್ವದ ವಿಷಯಗಳು. ಇವೆರಡನ್ನೂ ಹೊಂದಿಸುವ ಬಗೆಯನ್ನು ಮುಂಚಿತವಾಗಿ ನಿರ್ಧರಿಸಬೇಕೇ ಹೊರತು ಹಬ್ಬದ ಬೆಳಿಗ್ಗೆ ಲಾಠಿಯ ಮೂಲಕ ಅಲ್ಲ.

ಕಾನೂನು ಒದಗಿಸಿರುವ ವೇದಿಕೆ

ಈ ಹೊಂದಾಣಿಕೆಗೆ ಕಾನೂನಿನಲ್ಲಿಯೇ ಅವಕಾಶವಿದೆ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಅಧಿನಿಯಮವನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು. ಇದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಗಳನ್ನು ರಚಿಸಬೇಕು. ಸಮಿತಿಯ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಕನಿಷ್ಠ ಐದು ವರ್ಷಗಳಿಗೊಮ್ಮೆ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ನೀಡುವವರೆಗೆ ವ್ಯಾಪಾರಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ. ಮಾರುವವರೂ ಕೊಳ್ಳುವವರೂ ಬಹುಕಾಲದಿಂದ ತಾವಾಗಿಯೇ ಕೂಡುತ್ತಿರುವ ‘ಸಹಜ ಮಾರುಕಟ್ಟೆ’ಯನ್ನು ಈ ಅಧಿನಿಯಮ ಗುರುತಿಸಿರುವುದು ಗಮನಾರ್ಹ.

ಉತ್ಸವದ ಸಂಘಟಕರು ಪಾಲಿಕೆ ಮತ್ತು ಪೊಲೀಸರೊಡನೆ ಈ ಸಮಿತಿಯನ್ನೂ ಮುಂಗಡವಾಗಿ ಸಂಪರ್ಕಿಸಿದಲ್ಲಿ, ಮೆರವಣಿಗೆ ಸಾಗುವ ವೇಳೆ ಗಾಡಿಗಳು ಯಾವ ಅಡ್ಡಬೀದಿಯಲ್ಲಿ ನಿಲ್ಲಬೇಕು, ಎಷ್ಟು ಗಂಟೆಗೆ ಮರಳಬೇಕು ಎಂಬುದನ್ನು ಒಪ್ಪಿಗೆಯಿಂದ ತೀರ್ಮಾನಿಸಬಹುದು.

ಸರಕು ಕೊಳ್ಳಲು ಬಂಡವಾಳವೂ ಅಗತ್ಯ. 2020ರ ಜೂನ್ 1ರಂದು ಆರಂಭವಾದ ಪ್ರಧಾನ ಮಂತ್ರಿ ಸ್ವನಿಧಿ ಯೋಜನೆಯಲ್ಲಿ ಆಧಾರವಿಲ್ಲದೆ ದೊರೆಯುವ ಮೊದಲ ಕಂತಿನ ಸಾಲ 10,000 ರೂಪಾಯಿ ಇತ್ತು. 2025ರಲ್ಲಿ ಇದನ್ನು 15,000ಕ್ಕೆ ಹೆಚ್ಚಿಸಲಾಯಿತು. ಸಕಾಲದಲ್ಲಿ ಮರುಪಾವತಿ ಮಾಡಿದವರಿಗೆ ಮುಂದೆ ಹೆಚ್ಚಿನ ಸಾಲ ದೊರೆಯುತ್ತದೆ. ಉತ್ಸವದ ಸ್ಥಳದಲ್ಲಿಯೇ ಈ ಯೋಜನೆಯ ಮಾಹಿತಿ ಕೇಂದ್ರವನ್ನು ತೆರೆಯುವುದು ಉಪಯುಕ್ತ.

ಬೇರೆ ಊರುಗಳ ಪಾಠ

ವ್ಯಾಪಾರವನ್ನು ಬದಿಗೆ ಸರಿಸದೆ ಅದನ್ನೇ ಉತ್ಸವವಾಗಿಸಿದ ನಿದರ್ಶನಗಳು ಕರ್ನಾಟಕದಲ್ಲಿವೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಇದಕ್ಕೆ ಹಳೆಯ ಉದಾಹರಣೆ. ದೊಡ್ಡ ಬಸವಣ್ಣನಿಗೆ ಹೊಸ ಬೆಳೆಯನ್ನು ಅರ್ಪಿಸುವ ರೈತರೇ ಇಲ್ಲಿ ವ್ಯಾಪಾರಿಗಳು. ಅವರಿಲ್ಲದೆ ಪರಿಷೆಯೇ ಇಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರ ಸಂತೆಯು ಕುಮಾರ ಕೃಪಾ ರಸ್ತೆಯನ್ನು ಒಂದು ದಿನದ ಮಟ್ಟಿಗೆ ಕಲಾಶಾಲೆಯನ್ನಾಗಿಸುತ್ತದೆ. ಕಲಾವಿದರು ರಸ್ತೆಯ ಬದಿಯಲ್ಲಿ ಕುಳಿತು ಸಾಮಾನ್ಯ ಜನರಿಗೆ ನೇರವಾಗಿ ಚಿತ್ರಗಳನ್ನು ಮಾರುತ್ತಾರೆ.

ವಾಹನಗಳನ್ನು ತಡೆದು ರಸ್ತೆಯನ್ನು ಜನರಿಗೆ ಬಿಟ್ಟುಕೊಡುವ ಪ್ರಯೋಗಗಳೂ ನಡೆದಿವೆ. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1974ರಲ್ಲಿ ಆರಂಭವಾದ ಪ್ರಯೋಗವು ಭಾನುವಾರಗಳ ರೂಢಿಯಾಗಿ ಬೆಳೆಯಿತು. ನಮ್ಮ ದೇಶದಲ್ಲಿ 2013ರ ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ‘ರಾಹಗಿರಿ’ ಎಂಬ ಹೆಸರಿನಲ್ಲಿ ಇಂತಹ ಕಾರ್ಯಕ್ರಮ ಆರಂಭವಾಯಿತು. ವರ್ಷಕ್ಕೊಮ್ಮೆ ನಡೆಯುವ ಭಾರಿ ಸಮಾರಂಭಕ್ಕಿಂತ, ವಾರಕ್ಕೋ ತಿಂಗಳಿಗೋ ಒಮ್ಮೆ ನಡೆಯುವ ಚಿಕ್ಕ ಕಾರ್ಯಕ್ರಮವು ಜನರ ಅಭ್ಯಾಸವನ್ನು ಬದಲಿಸುತ್ತದೆ ಎಂಬುದು ಇವುಗಳಿಂದ ವ್ಯಕ್ತವಾಗುತ್ತದೆ.

ಸಂಘಟಕರು ಗಮನಿಸಬೇಕಾದ ಅಂಶಗಳು

ಮೊದಲನೆಯದು, ಸುರಕ್ಷತೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವದ ಸಂದರ್ಭದಲ್ಲಿ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಸಾವಿಗೀಡಾದರು. ಸಂಭ್ರಮಕ್ಕೆಂದು ಹೊರಟ ಮಕ್ಕಳು ಮನೆಗೆ ಹಿಂದಿರುಗದಿರುವುದಕ್ಕಿಂತ ದೊಡ್ಡ ದುರಂತವಿಲ್ಲ. ಪ್ರವೇಶ ಮತ್ತು ನಿರ್ಗಮನದ ಹಾದಿಗಳು ಬೇರೆ ಬೇರೆಯಾಗಿರಬೇಕು. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳಿಗೆ ಒಂದು ಹಾದಿ ಸದಾ ತೆರೆದಿರಬೇಕು. ರೈಲು ನಿಲ್ದಾಣದ ಸಮೀಪ ಕಾರ್ಯಕ್ರಮವಿದ್ದಲ್ಲಿ ರೈಲ್ವೆ ಅಧಿಕಾರಿಗಳಿಗೂ ಮುನ್ಸೂಚನೆ ನೀಡುವುದು ಅವಶ್ಯ.

ಎರಡನೆಯದು, ಶಬ್ದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬದ ಸಂದರ್ಭಗಳಲ್ಲಿ ರಾಜ್ಯ ಸರ್ಕಾರವು ವರ್ಷಕ್ಕೆ ಒಟ್ಟು 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ರಿಯಾಯಿತಿ ನೀಡಬಹುದು. ಉತ್ಸವವು ಬೀದಿಯ ನಿವಾಸಿಗಳಿಗೆ ಹಿಂಸೆಯಾದರೆ ಮುಂದಿನ ವರ್ಷ ಅದನ್ನು ಮೊದಲು ವಿರೋಧಿಸುವವರು ಅವರೇ.

ಮೂರನೆಯದು, ನೈರ್ಮಲ್ಯ. ನಿರ್ದಿಷ್ಟ ಬಗೆಯ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ತೊಟ್ಟಿಗಳನ್ನಿರಿಸಿ, ಕಾರ್ಯಕ್ರಮ ಮುಗಿದ ದಿನವೇ ಬೀದಿಯನ್ನು ಶುಚಿಗೊಳಿಸುವ ಹೊಣೆಯನ್ನು ಸಂಘಟಕರೇ ಹೊರಬೇಕು. ಎಲ್ಲರ ಸಂತೋಷದ ಹೊರೆ ಮರುದಿನ ಪೌರಕಾರ್ಮಿಕರೊಬ್ಬರ ಹೆಗಲಿಗೇ ಬೀಳಬಾರದು.

ನಾಲ್ಕನೆಯದು, ಎಲ್ಲರಿಗೂ ಅವಕಾಶ. ವೃದ್ಧರಿಗೆ ಕೂರಲು ಆಸನ, ಮಹಿಳೆಯರಿಗೆ ಶೌಚಾಲಯ, ಕುಡಿಯುವ ನೀರು, ಗಾಲಿಕುರ್ಚಿ ಸಾಗುವಂತಹ ಹಾದಿ ಇವುಗಳನ್ನು ಕೊನೆಗಳಿಗೆಯ ಸೇರ್ಪಡೆಗಳೆಂದು ಭಾವಿಸದೆ ಮೊದಲ ಯೋಜನೆಯಲ್ಲಿಯೇ ಸೇರಿಸಬೇಕು. ಬಹುಭಾಷಿಕ ನಗರಗಳಲ್ಲಿ ಮರಾಠಿ ಭಜನೆಯೊಂದಿಗೆ ಕನ್ನಡದ ಯಕ್ಷಗಾನಕ್ಕೂ, ಆಗರಿ–ಕೋಳಿ ಜನರ ಹಾಡು ಕುಣಿತಗಳಿಗೂ ವೇದಿಕೆ ದೊರೆತರೆ ನೆರೆಹೊರೆಯ ಪರಿಚಯ ಬೆಳೆಯುತ್ತದೆ.

ಉತ್ಸವದ ಮರುದಿನ

ಥಾಣೆ ಮತ್ತು ಕಲ್ಯಾಣ–ಡೊಂಬಿವಲಿಗಳು 2016ರಲ್ಲಿ ಸ್ಮಾರ್ಟ್ ಸಿಟಿ ಅಭಿಯಾನಕ್ಕೆ ಆಯ್ಕೆಯಾದವು. ಆ ಅಭಿಯಾನವು 2025ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡಿತು. ಯೋಜನೆಗಳು ನಿಗದಿತ ಅವಧಿಗೆ ಮುಗಿಯುತ್ತವೆ. ಬೀದಿಯ ಬದುಕಿಗೆ ಅಂತಹ ಅವಧಿಯಿಲ್ಲ. ಆದುದರಿಂದ ಉತ್ಸವವು ಯಶಸ್ವಿಯಾಯಿತೇ ಎಂಬುದನ್ನು ಸೇರಿದ ಜನರ ಸಂಖ್ಯೆಯಿಂದ ನಿರ್ಣಯಿಸುವುದು ಸರಿಯಲ್ಲ. ಅಂದು ಹಾಕಿದ ದೀಪ ಮರುವಾರವೂ ಉರಿಯುತ್ತಿದೆಯೇ, ಅಂದು ತೆರೆದ ಶೌಚಾಲಯದ ಬಾಗಿಲು ಇಂದೂ ತೆರೆದಿದೆಯೇ, ಹೂವು ಮಾರುವಾಕೆಗೆ ತನ್ನ ಜಾಗ ಉಳಿದಿದೆಯೇ ಎಂಬುದನ್ನು ನೋಡಬೇಕು.

ಇದನ್ನು ನೋಡುವ ಕೆಲಸ ಪಾಲಿಕೆಯದು ಮಾತ್ರವಲ್ಲ. ಉತ್ಸವ ಮುಗಿದ ಒಂದು ವಾರದೊಳಗೆ ನಿವಾಸಿಗಳು, ಅಂಗಡಿಕಾರರು, ಬೀದಿ ವ್ಯಾಪಾರಿಗಳು ಮತ್ತು ವಾರ್ಡಿನ ಅಧಿಕಾರಿಗಳು ಒಂದೆಡೆ ಕುಳಿತು ಕೊರತೆಗಳ ಪಟ್ಟಿ ಮಾಡಬಹುದು. ಆ ಪಟ್ಟಿಯಲ್ಲಿ ಒಂದೆರಡನ್ನಾದರೂ ಮುಂದಿನ ಹಬ್ಬದೊಳಗೆ ನೆರವೇರಿಸಿದಲ್ಲಿ, ಜನರು ಆ ಬೀದಿಯನ್ನು ತಮ್ಮದೆಂದು ಭಾವಿಸಿ ಕಾಪಾಡಿಕೊಳ್ಳುತ್ತಾರೆ.