ಕೃತಕ ದಂತಪಂಕ್ತಿಯ ಮೇಲ್ಮೈ: ಲಾಲಾರಸದ ಪ್ರೋಟೀನುಗಳು ಮತ್ತು ಸೂಕ್ಷ್ಮಜೀವಿಗಳು

ಜನಸಾಮಾನ್ಯರು ‘ಹಲ್ಲಿನ ಸೆಟ್ಟು’ ಎಂದು ಕರೆಯುವ ಕೃತಕ ದಂತಪಂಕ್ತಿಯ ಆಧಾರಫಲಕವನ್ನು 1930ರ ದಶಕದ ಉತ್ತರಾರ್ಧದಿಂದೀಚೆಗೆ ಬಹುಮಟ್ಟಿಗೆ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ರಾಳದಿಂದ ತಯಾರಿಸಲಾಗುತ್ತಿದೆ. ಅದಕ್ಕೂ ಮೊದಲು ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು, ಅಂದರೆ ವಲ್ಕನೈಟ್, ಬಳಕೆಯಲ್ಲಿತ್ತು. ಒಸಡಿನ ಬಣ್ಣವನ್ನು ಹೋಲುವ, ಹಗುರವಾದ, ದುರಸ್ತಿಗೆ ಸುಲಭವಾದ ಈ ರಾಳವು ಬಾಯಿಯೊಳಗೆ ಬರಿಮೈಯಲ್ಲಿ ಉಳಿಯುವುದು ಅತ್ಯಲ್ಪ ಕಾಲ ಮಾತ್ರ. ಕೆಲವೇ ನಿಮಿಷಗಳಲ್ಲಿ ಲಾಲಾರಸದ ಪ್ರೋಟೀನುಗಳು ಅದರ ಮೇಲೆ ತೆಳುವಾದ ಪೊರೆಯಾಗಿ ನೆಲೆಗೊಳ್ಳುತ್ತವೆ. ಸೂಕ್ಷ್ಮಜೀವಿಗಳು ಎದುರುಗೊಳ್ಳುವುದು ಬಹುಪಾಲು ಈ ಪೊರೆಯನ್ನೇ ಹೊರತು ರಾಳವನ್ನಲ್ಲ.

ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಸ್ರವಿಸುವ ಲಾಲಾರಸದಲ್ಲಿ ಶೇಕಡ 99ರಷ್ಟು ನೀರೇ ಇರುತ್ತದೆ. ಉಳಿದ ಅಲ್ಪಾಂಶದಲ್ಲಿ ಮ್ಯೂಸಿನ್, ಅಮೈಲೇಸ್, ಲೈಸೊಜೈಮ್, ಸ್ಟಾಥೆರಿನ್, ಹಿಸ್ಟಾಟಿನ್, ಪ್ರೋಲಿನ್ ಸಮೃದ್ಧ ಪ್ರೋಟೀನುಗಳು ಹಾಗೂ ಇಮ್ಯುನೊಗ್ಲಾಬ್ಯುಲಿನ್-ಎ ಸೇರಿವೆ. ಸಹಜ ಹಲ್ಲಿನ ಎನಾಮಲ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಸ್ಟಾಥೆರಿನ್ ಮತ್ತು ಆಮ್ಲೀಯ ಪ್ರೋಲಿನ್ ಪ್ರೋಟೀನುಗಳು ಅದಕ್ಕೆ ವಿಶೇಷವಾಗಿ ಅಂಟಿಕೊಳ್ಳುತ್ತವೆ. ಅಕ್ರಿಲಿಕ್‌ನಲ್ಲಿ ಅಂತಹ ಖನಿಜವಿಲ್ಲ. ನೀರನ್ನು ಅಷ್ಟಾಗಿ ಒಲ್ಲದ ಅದರ ಮೇಲ್ಮೈ ಬೇರೆ ಬಗೆಯ ಬಲಗಳಿಂದ ಪ್ರೋಟೀನುಗಳನ್ನು ಸೆಳೆಯುತ್ತದೆ. ಆದ್ದರಿಂದ ಹಲ್ಲಿನ ಪೊರೆಯನ್ನು ಕುರಿತ ತಿಳಿವಳಿಕೆಯನ್ನು ದಂತಪಂಕ್ತಿಗೆ ಯಥಾವತ್ತಾಗಿ ಅನ್ವಯಿಸಲಾಗದು.

ಈ ಪ್ರೋಟೀನುಗಳ ವರ್ತನೆ ಇಬ್ಬಗೆಯದು. ದ್ರವದಲ್ಲಿ ತೇಲುತ್ತಿರುವಾಗ ಮ್ಯೂಸಿನ್ ಮತ್ತು ಇಮ್ಯುನೊಗ್ಲಾಬ್ಯುಲಿನ್ ಸೂಕ್ಷ್ಮಜೀವಿಗಳನ್ನು ಮುದ್ದೆಗಟ್ಟಿಸಿ, ನುಂಗುವಿಕೆಯೊಡನೆ ಜಠರಕ್ಕೆ ಸಾಗಿಸುತ್ತವೆ. 1988ರಲ್ಲಿ ಹಿಸ್ಟಾಟಿನ್ ಎಂದು ಹೆಸರಿಸಲಾದ ಪ್ರೋಟೀನುಗಳ ಗುಂಪಿಗೆ ಕ್ಯಾಂಡಿಡಾ ಶಿಲೀಂಧ್ರವನ್ನು ಕೊಲ್ಲುವ ಸಾಮರ್ಥ್ಯವೂ ಉಂಟು. ಆದರೆ ಮೇಲ್ಮೈಗೆ ಅಂಟಿಕೊಂಡ ಪ್ರೋಟೀನು ತನ್ನ ವಿನ್ಯಾಸವನ್ನು ಬದಲಿಸಿಕೊಂಡು, ಅದುವರೆಗೆ ಅಡಗಿದ್ದ ಭಾಗಗಳನ್ನು ಹೊರಗೆಡಹಬಲ್ಲದು. ದ್ರವದಲ್ಲಿ ಆ ಪ್ರೋಟೀನನ್ನು ಗುರುತಿಸದ ಬ್ಯಾಕ್ಟೀರಿಯಾ ಆಗ ಅದನ್ನೇ ಹಿಡಿಕೆಯಾಗಿಸಿಕೊಳ್ಳುತ್ತದೆ. 1980ರ ದಶಕದಲ್ಲಿ ಗಿಬ್ಬನ್ಸ್ ಮತ್ತು ಸಹೋದ್ಯೋಗಿಗಳು ಇದನ್ನು ತೋರಿಸಿದ್ದು ಹಲ್ಲಿನ ಖನಿಜವನ್ನು ಹೋಲುವ ಅಪಟೈಟ್ ಮೇಲೆ. ಕ್ಯಾಂಡಿಡಾ ಆಲ್ಬಿಕನ್ಸ್ ಕ್ಷಾರೀಯ ಪ್ರೋಲಿನ್ ಪ್ರೋಟೀನುಗಳಿಗೆ, ಸ್ಟ್ರೆಪ್ಟೊಕಾಕಸ್ ಗೋರ್ಡೊನಿಯೈ ಅಮೈಲೇಸ್‌ಗೆ ಅಂಟಿಕೊಳ್ಳುವುದು ಕಂಡುಬಂದಿದೆ. ಇವೆರಡೂ ಪರಸ್ಪರ ಅಂಟಿಕೊಳ್ಳುವುದರಿಂದ ಒಂದು ನೆಲೆಯೂರಿದರೆ ಇನ್ನೊಂದಕ್ಕೆ ದಾರಿಯಾಗುತ್ತದೆ.

ಲಾಲಾರಸದ ಲೇಪನದಿಂದ ಅಕ್ರಿಲಿಕ್ ಮೇಲೆ ಕ್ಯಾಂಡಿಡಾ ಅಂಟುವಿಕೆ ಕೆಲವು ಪ್ರಯೋಗಗಳಲ್ಲಿ ತಗ್ಗಿದೆ, ಕೆಲವುಗಳಲ್ಲಿ ಹೆಚ್ಚಿದೆ. ಇದನ್ನು ವಿರೋಧಾಭಾಸವೆಂದು ಬದಿಗಿಡುವುದು ಸರಿಯಲ್ಲ. ಲಾಲಾರಸ ನೀಡಿದ ವ್ಯಕ್ತಿ, ಅದನ್ನು ಸ್ರವಿಸಿದ ಗ್ರಂಥಿ, ಲೇಪನದ ಅವಧಿ, ಶಿಲೀಂಧ್ರದ ತಳಿ ಇವೆಲ್ಲ ಬದಲಾದಾಗ ಪೊರೆಯೇ ಬದಲಾಗುತ್ತದೆ.

ಮೇಲ್ದವಡೆಯ ಫಲಕದ ಅಡಿಯಲ್ಲಿ ಪರಿಸ್ಥಿತಿ ಇನ್ನೂ ಪ್ರತಿಕೂಲ. ಅಂಗುಳಕ್ಕೆ ಬಿಗಿಯಾಗಿ ಕುಳಿತ ಫಲಕದ ಕೆಳಗೆ ಲಾಲಾರಸದ ಹರಿವು ಕ್ಷೀಣಿಸುವುದರಿಂದ ತೊಳೆಯುವ ಕ್ರಿಯೆಯೂ ರಕ್ಷಕ ಪ್ರೋಟೀನುಗಳ ಪೂರೈಕೆಯೂ ಕುಗ್ಗುತ್ತವೆ. ಅಂಟಿಕೊಂಡ ಪೊರೆ ಮಾತ್ರ ಉಳಿಯುತ್ತದೆ. ಅಳತೆ ಕೆಡಬಾರದೆಂದು ಈ ಒಳಮೈಗೆ ಹೊಳಪು ಕೊಡುವುದಿಲ್ಲ. ಸರಾಸರಿ ಒರಟುತನ 0.2 ಮೈಕ್ರೋಮೀಟರನ್ನು ಮೀರಿದರೆ ಬ್ಯಾಕ್ಟೀರಿಯಾ ಸಂಚಯ ಹೆಚ್ಚುತ್ತದೆಂಬ ಮಿತಿಯನ್ನು 1997ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಸೂಚಿಸಿತು. ಇಲ್ಲಿ ಉಂಟಾಗುವ ಉರಿಯೂತವನ್ನು 1962ರಲ್ಲಿ ನ್ಯೂಟನ್ ಮೂರು ಬಗೆಯಾಗಿ ವರ್ಗೀಕರಿಸಿದರು: ಚುಕ್ಕೆಚುಕ್ಕೆಯಾದ ಕೆಂಪು, ವ್ಯಾಪಕವಾದ ಕೆಂಪು ಮತ್ತು ಹರಳುಹರಳಾದ ಊತ. ಅನೇಕರಿಗೆ ನೋವೇ ಇರದ ಕಾರಣ ರೋಗ ಗಮನಕ್ಕೆ ಬಾರದೆ ಉಳಿಯುತ್ತದೆ.

ಪರಿಣಾಮ ಬಾಯಿಗಷ್ಟೇ ಸೀಮಿತವಲ್ಲ. ಜಪಾನಿನಲ್ಲಿ 85 ವರ್ಷ ಮೀರಿದ 524 ವೃದ್ಧರನ್ನು ಅನುಸರಿಸಿ 2015ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ದಂತಪಂಕ್ತಿಯನ್ನು ಧರಿಸಿಯೇ ನಿದ್ರಿಸುವವರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ನಿದ್ರೆಯಲ್ಲಿ ಲಾಲಾರಸದ ಸ್ರಾವ ಬಹಳ ತಗ್ಗುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಪ್ರೋಟೀನು ಪೊರೆಯನ್ನು ಶಾಶ್ವತವಾಗಿ ತೊಡೆಯುವುದು ಅಸಾಧ್ಯ. ತೊಳೆದ ಫಲಕವನ್ನು ಧರಿಸಿದೊಡನೆ ಅದು ಮರಳುತ್ತದೆ. ತಡೆಯಬಹುದಾದುದು ಅದರ ಮೇಲೆ ಜೀವಿಗಳ ಪದರ ಬಲಿಯುವುದನ್ನು ಮಾತ್ರ. ಒರಟು ಪುಡಿಯಿಂದ ಉಜ್ಜಿದರೆ ಗೀರುಗಳು ಬಿದ್ದು ಹೊಸ ಅಡಗುದಾಣಗಳಾಗುತ್ತವೆ. ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ 10 ನಿಮಿಷಕ್ಕಿಂತ ಹೆಚ್ಚು ನೆನೆಸಬಾರದು, ಕುದಿಯುವ ನೀರನ್ನು ಬಳಸಬಾರದು ಎಂಬುದು 2011ರಲ್ಲಿ ಅಮೆರಿಕದ ಕೃತಕದಂತ ತಜ್ಞರ ಸಂಸ್ಥೆ ಪ್ರಕಟಿಸಿದ ಮಾರ್ಗಸೂಚಿಯಲ್ಲಿದೆ. ಬೆಳ್ಳಿಯ ಸೂಕ್ಷ್ಮಕಣಗಳನ್ನು ಬೆರೆಸಿದ ರಾಳ ಮುಂತಾದ ಹೊಸ ಪ್ರಯತ್ನಗಳೂ ನಡೆದಿವೆ. ಆದರೆ ಲಾಲಾರಸ ಸೋಂಕದ ಫಲಕದ ಮೇಲೆ ಪರೀಕ್ಷಿಸಿ ಪಡೆದ ಫಲಿತಾಂಶಗಳನ್ನು ಬಾಯಿಯೊಳಗಿನ ಸ್ಥಿತಿಗೆ ಪ್ರಮಾಣವಾಗಿ ಸ್ವೀಕರಿಸಲಾಗದು. ಔಷಧಯುಕ್ತ ಮೇಲ್ಮೈಯನ್ನೂ ಪ್ರೋಟೀನುಗಳು ಅಷ್ಟೇ ಬೇಗ ಮುಚ್ಚುತ್ತವೆ.